ಸೊಗಡಿಲ್ಲದ ಬೇಳೆ

"ಅಕ್ಕಾ, ಕೈ ತೆಗೀರಿ ಮಾರಾಯ್ರೇ! ಶುಕ್ರವಾರದ ಕಸ ಅದು!" ಚೆನ್ನಯ ಕೂಗಿದ.

ಪುಟ್ಟಲಕ್ಷ್ಮಿ ಕೈ ತೆಗೆಯಲಿಲ್ಲ. ಮೊಣಕೈವರೆಗೆ ಇಳಿದಿದ್ದ ಕೈಯನ್ನು ಭುಜದವರೆಗೆ ಇಳಿಸಿದಳು. ಕ್ಯಾಂಟೀನಿನ ಹಿಂದಿನ ಕಸದ ಡ್ರಮ್ಮಿಗೆ ಸುತ್ತಿದ್ದ ದಾರ, ದಾರದ ಮೇಲಿನ ಕೆಂಪು ಅರಗಿನ ಸೀಲು ಎರಡೂ ಕಿತ್ತು ನೆಲದ ಮೇಲೆ ಬಿದ್ದಿದ್ದವು. ಇಡೀ ಮುಂಬಯಿಯಲ್ಲಿ ಅರಗಿನ ಮುದ್ರೆ ಒತ್ತಿಸಿಕೊಂಡ ಮೊದಲ ಕಸ ತಾನು ಎಂಬ ಹೆಮ್ಮೆಯೋ ಏನೋ, ಅದು ಬಹಳ ಗಾಂಭೀರ್ಯದಿಂದ ನಾರುತ್ತಿತ್ತು.

ವಿಕ್ರೋಳಿಯ ಈ ದ್ವಿದಳ ಧಾನ್ಯ ಸಂಶೋಧನಾ ಕೇಂದ್ರದಲ್ಲಿ, ಶುಕ್ರವಾರ, ಹಿರಿಯ ವಿಜ್ಞಾನಿ ತಿರುಮಲೇಶರ ಬೀಳ್ಕೊಡುಗೆಯ ದಿನವೇ, ಅವರ 'ಟಿ-ಏಳು' ಅವರೆಯ ಬೀಜವಿದ್ದ ಒಂದೇ ಒಂದು ಜಾಡಿ ಖಾಲಿಯಾಗಿತ್ತು. ಅದೇ ಮಧ್ಯಾಹ್ನ ಊಟಕ್ಕೆ ಅವರೆಯ ಸಾರು ಬಡಿಸಿದ ತಪ್ಪಿಗೆ ಕ್ಯಾಂಟೀನಿನ ಚೆನ್ನಯ ಕಳ್ಳನಾಗಿದ್ದ. ಇವತ್ತು ಸಂಜೆಯೊಳಗೆ ಬೀಜವೋ ಬೇರೆ ಕಳ್ಳನೋ ಸಿಗದಿದ್ದರೆ ಕ್ಯಾಂಟೀನಿಗೆ ಬೀಗ, ಚೆನ್ನಯನಿಗೆ ಪೊಲೀಸ್ ಠಾಣೆ.

ಗೋರೆಗಾಂವಿನ ಪುಟ್ಟಲಕ್ಷ್ಮಿಯ ಕಸುಬು ಪತ್ತೇದಾರಿಕೆ. ಅದರಲ್ಲಿ ಮುಕ್ಕಾಲು ಪಾಲು ಮದುವೆ ಗಂಡುಗಳ ವಿಚಾರಣೆ. ವರ ಎಂದು ಬಂದವನು ವರವೋ ಶಾಪವೋ ಎಂದು ತಾಳಿಗೆ ಮುಂಚೆ ತಿಳಿಸಿ, ಎಷ್ಟೋ ಹೆಣ್ಣುಮಕ್ಕಳ ಅಪ್ಪಂದಿರಿಂದ, ತಿರುಮಲೇಶರಿಂದಲೂ, ಕೈಮುಗಿಸಿಕೊಂಡವಳು. ಕಸ, ಬೀಜ ಇವೆಲ್ಲ ಅವಳ ಬಾಬತ್ತಲ್ಲ. ಆದರೂ ಚೆನ್ನಯನ ಫೋನು ಬಂದ ಕೂಡಲೇ, ಒಲೆ ಮೇಲಿದ್ದ ಹಾಲನ್ನು ಮೈದುನನಿಗೆ ಒಪ್ಪಿಸಿ ಲೋಕಲ್ ಹತ್ತಿದ್ದಳು.

ಕಾರಣ ಗಂಜಿ. ಅವಳ ಯಜಮಾನರು ಸಯನ್ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಎದುರಿನ ಓಣಿಯಲ್ಲಿ ಚಹಾ ಮಾರುತ್ತಿದ್ದ ಉಡುಪಿ ಕಡೆಯ ಮನುಷ್ಯನೊಬ್ಬ, ಯಾರು ಏನು ಎಂದು ಕೇಳದೆ, ಅವರು ಕಣ್ಣು ಮುಚ್ಚುವ ದಿನದವರೆಗೆ ಬಿಸಿ ಗಂಜಿ ತಂದಿಟ್ಟು ಹೋಗುತ್ತಿದ್ದ. ಅವನೇ ಈ ಚೆನ್ನಯ. ಆಮೇಲೆ ಆ ಮಾತನ್ನೇ ಎತ್ತಿದವನಲ್ಲ. ಇವಳು ಎತ್ತಿದರೆ "ಗಂಜಿ ತಾನೇ ಅಕ್ಕ, ಬಿರಿಯಾನಿ ಅಲ್ಲವಲ್ಲ" ಎಂದು ನಗುತ್ತಿದ್ದ.

"ಸಿಕ್ತು!" ಎಂದಳು ಪುಟ್ಟಲಕ್ಷ್ಮಿ. ಮುಷ್ಟಿಯ ತುಂಬ ಅವರೆಕಾಳಿನ ಸಿಪ್ಪೆ.

"ಸಿಗದೆ ಎಂತ? ಸಾರು ಮಾಡಿದ್ದು ಅವರೆಯದ್ದೇ ಅಲ್ವಾ?"

"ಚೆನ್ನಯ, ನಿನ್ನ ಅಡಿಗೆಮನೇಲಿ ಅವರೆ ಹೇಗೆ ಬೇಯಿಸ್ತೀಯ?"

"ಹೇಗೆ ಅಂದ್ರೆ? ತೊಳೆಯುದು, ಪಾತ್ರೆಗೆ ಹಾಕುದು."

"ಸಿಪ್ಪೆ ತೆಗೆದು?"

ಚೆನ್ನಯ ನಕ್ಕುಬಿಟ್ಟ. "ಒಂದೊಂದೇ ಕಾಳಿನ ಅಂಗಿ ಬಿಚ್ಚುದಾ? ನಮಗೆ ಹುಚ್ಚು ಹಿಡಿದಿದೆಯಾ ಅಕ್ಕ? ನಮ್ಮ ಊರಲ್ಲಿ ಯಾರೂ ಮಾಡುದಿಲ್ಲ."

"ನಮ್ಮ ಊರಲ್ಲಿ ಎಲ್ಲರಿಗೂ ಆ ಹುಚ್ಚು. ನೆನೆಸಿ, ಬೆರಳ ಮಧ್ಯೆ ಹಿಡಿದು ಪುಳಕ್ ಅಂತ ಹಿತುಕಿ, ಒಳಗಿನ ಬೇಳೆ ಮಾತ್ರ ಸಾರಿಗೆ. ಈ ಸಿಪ್ಪೆ ನೋಡು, ಹಿತುಕಿದ ಸಿಪ್ಪೆ. ಹಿತುಕಿದೋರು ಯಾರು?"

ಚೆನ್ನಯನ ನಗು ನಿಂತಿತು. ಸುಮ್ಮನೆ ಚಹಾದ ಪಾತ್ರೆ ಕದಡತೊಡಗಿದ. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು.

"ನಾನೇ ಅಂತ ಇಟ್ಟುಕೊಳ್ಳಿ ಅಕ್ಕ."

"ಯಾರನ್ನ ಕಾಪಾಡ್ತಿದೀಯ?"

"ಚಹಾ ಕುಡೀರಿ. ತಣಿಯುತ್ತದೆ."

ಪುಟ್ಟಲಕ್ಷ್ಮಿ ಸೋಪು ಹಚ್ಚಿ ಕೈ ತೊಳೆದು, ಲೋಟ ಹಿಡಿದಳು. ಬಾಯಿ ಬಿಡದವನನ್ನು ಬೇರೆ ದಾರಿಯಿಂದ ಹಿತುಕಬೇಕು.

"ನಿನ್ನ ಮಾತು ಬಿಡು. ಶುಕ್ರವಾರ ಸಂಜೆ ನೀನು ಮನೆಗೆ ತಂದುಕೊಟ್ಟೆಯಲ್ಲ ಬೇಳೆ, ಅರ್ಧ ಹಾಕಿ ಉಪ್ಪಿಟ್ಟು ಮಾಡಿದೆ. ಒಂದು ಚೂರು ಸೊಗಡಿಲ್ಲ ಕಣೋ! ಒದ್ದೆ ಹತ್ತಿ ತಿಂದ ಹಾಗಿತ್ತು. ಮಿಕ್ಕಿದ್ದು ಫ್ರಿಜ್ಜಲ್ಲಿ ಚಳಿಗೆ ನಡುಗ್ತಾ ಇದೆ."

"ಅಯ್ಯೋ, ಅದು ನಾನು ಕೊಟ್ಟದ್ದಲ್ಲ ಅಕ್ಕ, ಅದು..."

"ನನ್ನ ಸೀಲ ಒಡದಾವ್ರು ಯಾರ್ರೀ?"

ಬಾಗಿಲಲ್ಲಿ ಭದ್ರತಾಧಿಕಾರಿ ಸಿದ್ದಲಿಂಗಪ್ಪ. ವಿಜಾಪುರದ ಮನುಷ್ಯ. ಮೀಸೆ ಎರಡು ದಳ, ಮನಸ್ಸು ಒಂದೇ ದಳ. ಈ ಕೇಂದ್ರದಿಂದ ಒಂದು ಬೀಜವೂ ಹೊರಗೆ ಹೋಗಕೂಡದೆಂದು ಗೇಟಿನಲ್ಲಿ ಎಲ್ಲರ ಚೀಲ, ಡಬ್ಬಿ ಬಿಚ್ಚಿಸುವುದು ಅವರ ಕೆಲಸ. ನಿರ್ದೇಶಕರ ಡಬ್ಬಿಯನ್ನೂ ಬಿಟ್ಟವರಲ್ಲ.

"ನಾನೇ ಒಡೆದಿದ್ದು," ಎಂದಳು ಪುಟ್ಟಲಕ್ಷ್ಮಿ. "ಕಸಕ್ಕೆ ಉಸಿರು ಕಟ್ತಾ ಇತ್ತು. ಶುಕ್ರವಾರದ ಸಾರು ನೀವೂ ಉಂಡ್ರಾ?"

ಪ್ರಶ್ನೆ ಸಿದ್ದಲಿಂಗಪ್ಪನವರ ಕರ್ತವ್ಯವನ್ನು ದಾಟಿ ನೇರ ಹೊಟ್ಟೆಗೆ ತಾಗಿತು.

"ಎರಡ ಬಟ್ಟಲ ಹೊಡದೇನ್ರೀ ಬಾಯಾರ. ಖರೇ ಹೇಳತೇನಿ, ಅಂಥಾದ್ದು ಜನ್ಮದಾಗ ಉಂಡಿದ್ದಿಲ್ಲ."

"ವಾಸನೆ?"

"ಏನ್ ಕೇಳತೀರಿ! ಗೇಟಿನ ತನಾ ಬರತಿತ್ತು."

"ಮರೀಬೇಡಿ ಈ ಮಾತು," ಎಂದು ಪುಟ್ಟಲಕ್ಷ್ಮಿ ಸಿಪ್ಪೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಎದ್ದಳು. ಆ ಸಂಭ್ರಮದಲ್ಲಿ, ಚೆನ್ನಯ ಅರ್ಧಕ್ಕೆ ನಿಲ್ಲಿಸಿದ ಮಾತಿನ ಇನ್ನರ್ಧ ಕೇಳುವುದನ್ನು ಮರೆತಳು.

ಲ್ಯಾಬಿನಲ್ಲಿ ಹಳೇ ಮೈಸೂರಿನ ನಾಲಗೆ ಇದ್ದದ್ದು ಇಬ್ಬರಿಗೆ. ಒಬ್ಬರು ತಿರುಮಲೇಶರು. ತಮ್ಮ ಬೀಳ್ಕೊಡುಗೆಗೆ ತಾವೇ ಸಾರು ಮಾಡಿಕೊಳ್ಳುವವರಲ್ಲ. ಇನ್ನೊಬ್ಬಳು ಅವರ ಕೈಕೆಳಗಿನ ವನಮಾಲಾ. ಬಸವನಗುಡಿಯ ಹುಡುಗಿ, ಕೆಲಸ ಖಾಯಂ ಆಗಿಲ್ಲ. ಬಿಳಿ ಕೋಟು ತೊಟ್ಟು, ಖಾಲಿ ಜಾಡಿಯ ಎದುರು ಕೂತು, ಅದರೊಳಗೆ ಬೀಜ ತಾನಾಗಿ ಹುಟ್ಟುತ್ತದೇನೋ ಎಂಬಂತೆ ನೋಡುತ್ತಿದ್ದಳು.

"ನನಗೊಂದು ಪಾಠ ಹೇಳಮ್ಮ," ಎಂದು ಪುಟ್ಟಲಕ್ಷ್ಮಿ ಸ್ಟೂಲು ಎಳೆದುಕೊಂಡಳು. "ಅವರೆಗೆ ಸೊಗಡು ಎಲ್ಲಿಂದ ಬರುತ್ತೆ?"

ವನಮಾಲಾ ಮುಖ ಸ್ವಲ್ಪ ಅರಳಿತು. ವಿಜ್ಞಾನಿಗಳನ್ನು ಮಾತಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕೊಕ್ಕೆ ಇಲ್ಲ.

"ಅದಕ್ಕೊಂದು ಜೀನ್ ಇದೆ ಅಂತ ಇಟ್ಕೊಳ್ಳಿ ಆಂಟಿ. ಎಲೇಲೂ ಇದೆ, ಬೇರಲ್ಲೂ ಇದೆ, ಕಾಳಲ್ಲೂ ಇದೆ. ಆದ್ರೆ ಎಲ್ಲಾ ಕಡೆ ಬಾಯಿ ಬಿಡಲ್ಲ. ಹಸಿ ಕಾಯಿಯ ಮೈಮೇಲೆ ಮಾತ್ರ. ಅದೂ ಇಬ್ಬನಿ ಬಿದ್ದು ಚಳಿ ಆದ್ರೆ."

"ನಮ್ಮ ಯಜಮಾನರ ಥರ. ಮನೆ ತುಂಬಾ ಓಡಾಡ್ತಿದ್ರು, ಬಾಯಿ ಬಿಡ್ತಿದ್ದಿದ್ದು ತಟ್ಟೆ ಮುಂದೆ ಮಾತ್ರ. ಸರಿ, ಟಿ-ಏಳರಲ್ಲಿ ಏನು ಅಂಥ ಕೊಂಬು?"

"ಅವರೆ, ಅಲಸಂದೆ, ಉದ್ದು, ಹುರುಳಿ ಎಲ್ಲಾ ಒಂದೇ ವಂಶ. ವಂಶ ಬೆಳೀತಾ ಬೆಳೀತಾ ಒಂದೊಂದು ಸಲ ಒಂದು ಜೀನ್ ಎರಡಾಗಿಬಿಡುತ್ತೆ. ಮೊದಲನೇದು ಹಳೇ ಕೆಲಸ ಬಿಡಲ್ಲ. ಎರಡನೇದಕ್ಕೆ ಜವಾಬ್ದಾರಿ ಇಲ್ಲ, ಹೊಸದೇನಾದ್ರೂ ಕಲಿಯುತ್ತೆ."

"ದೊಡ್ಡ ಮಗ ಬ್ಯಾಂಕಲ್ಲಿ, ಚಿಕ್ಕವನು ನಾಟಕದಲ್ಲಿ."

ವನಮಾಲಾ ನಕ್ಕಳು. "ಅದೇ! ಟಿ-ಏಳರ ಚಿಕ್ಕವನು ಚಳಿಗೆ ಕಾಯೋದೇ ಇಲ್ಲ. ಈ ಮುಂಬಯಿ ಮೇ ತಿಂಗಳ ಸೆಖೆಯಲ್ಲೂ ಕಾಯಿ ಘಮ್ ಅನ್ನುತ್ತೆ. ಸರ್ ತಲೆಕೂದಲು ಕಪ್ಪಿದ್ದಾಗ ಶುರು ಮಾಡಿದ್ದು ಆಂಟಿ. ಬೆಳ್ಳಗಾದ್ಮೇಲೆ ಸಿಕ್ತು."

"ಜಾಡೀಲಿದ್ದ ಒಣಕಾಳಿಗೂ ಆ ಘಮ ಇತ್ತಾ?"

"ಇಲ್ಲ. ಒಣಗಿದ ಕಾಳಲ್ಲಿ ಅಣ್ಣ ತಮ್ಮ ಇಬ್ಬರೂ ಮೌನ. ನೆನೆಸಿದ್ರೂ ಅಷ್ಟೇ. ಬಿತ್ತಿ, ಗಿಡವಾಗಿ, ಕಾಯಿ ಬಿಟ್ರೇನೇ ಮಾತು."

"ಹಾಗಾದ್ರೆ," ಪುಟ್ಟಲಕ್ಷ್ಮಿ ದನಿ ಏರಿಸದೆ ಅಂದಳು, "ಗೇಟಿನವರೆಗೆ ಘಮ್ ಅಂದ ಶುಕ್ರವಾರದ ಸಾರು ಜಾಡಿ ಕಾಳಿಂದಲ್ಲ. ಈ ಚಳಿಗಾಲದ ಹಸಿ ಕಾಯಿ ಸುಲಿದ ಕಾಳಿಂದು. ಬೆಂಗಳೂರಿಂದ ರೈಲಲ್ಲಿ ಬಂದು ಮಾಟುಂಗಾ ಮಾರ್ಕೆಟ್ಟಲ್ಲಿ ಇಳಿದಿದ್ದು. ತಂದು, ಸುಲಿದು, ಹಿತುಕಿದೋಳು ನೀನು."

ನಗು ಹಾಗೇ ಮುಖದ ಮೇಲೆ ಉಳಿದು ಒಣಗಿತು.

"ಏನೇನೋ ಹೇಳಬೇಡಿ ಆಂಟಿ."

"ಅಷ್ಟು ಜನಕ್ಕೆ ಬೇಳೆ ಬೇಯಿಸಿದ್ದು ಎಲ್ಲಿ? ಚೆನ್ನಯನ ಒಲೆಗಳ ಮೇಲೆ ಅವತ್ತು ಅನ್ನ, ಪಾಯಸ, ಪಲ್ಯ."

ವನಮಾಲಾಳ ಕಣ್ಣು ಮೂಲೆಗೆ ಹೋಗಿ ಬಂತು. ಅಲ್ಲಿ ಗಾಜಿನ ಸಾಮಾನುಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ನಿಂತಿತ್ತು. ಪುಟ್ಟಲಕ್ಷ್ಮಿ ಎದ್ದು ಹೋಗಿ, ಮುಚ್ಚಳ ಎತ್ತಿ ಮೂಗು ತೂರಿಸಿದಳು. ಮೂರು ದಿನ ಮುಚ್ಚಿದ್ದ ಹಬೆಯ ಡಬ್ಬಿಯೊಳಗಿಂದ ಚಿಕ್ಕಂದಿನ ಸಂಕ್ರಾಂತಿ ಎದ್ದು ಬಂದು ಮೂಗಿಗೆ ಬಡಿಯಿತು.

"ಅಮ್ಮಾ ತಾಯೀ! ವಿದೇಶೀ ಯಂತ್ರ. ಪ್ರೆಶರ್ ಕುಕ್ಕರ್ ಮಾಡ್ಕೊಂಡ್ಯಾ?"

"ಬೇರೆ ಏನ್ಮಾಡ್ಲಿ!" ವನಮಾಲಾಳಿಗೆ ಅಳು ಒತ್ತರಿಸಿ ಬಂತು. "ಸರ್ ಇಲ್ಲದಿದ್ರೆ ನಾನು ಯಾವತ್ತೋ ಬಿಟ್ಟು ಊರಿಗೆ ಹೋಗ್ತಿದ್ದೆ. ಬೀಜ ಹಿಡಿಯೋದರಿಂದ ಹಿಡಿದು ಎಲ್ಲಾ ಅವರೇ ಹೇಳಿಕೊಟ್ಟಿದ್ದು. ಸರ್ ಒಂದು ಸಲ ಅಂದಿದ್ರು, 'ರಿಟೈರ್ ಆಗೋ ದಿನ ಹಿತಕಿದ ಬೇಳೆ ಸಾರು ಉಂಡು ಹೋಗಬೇಕು ವನಮಾಲಾ' ಅಂತ. ಥ್ಯಾಂಕ್ಸ್ ಅನ್ನೋಕೆ ನನ್ನ ಹತ್ರ ಇನ್ನೇನಿತ್ತು? ಆಟೋಕ್ಲೇವ್‌ಗೆ ಅಡುಗೆ ಹಾಕಿದೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ ಆಂಟಿ."

"ನಿನ್ನ ಕೆಲಸ ಉಳೀತು. ಚೆನ್ನಯಂದು ಹೋಗ್ತಾ ಇದೆ."

"ಅವರು ಏನಾದ್ರೂ ಹೇಳಿದ್ರಾ?"

"ಒಂದಕ್ಷರ ಇಲ್ಲ! ಒಗ್ಗರಣೆ ಹಾಕಿದೋನು ಅವನು. ನಿನ್ನ ಹೆಸರು ಗೊತ್ತಿಲ್ವಾ ಅವನಿಗೆ? ಪೊಲೀಸ್ ಬರ್ತಾರೆ ಅಂದ್ರೂ 'ನಾನೇ ಅಂತ ಇಟ್ಟುಕೊಳ್ಳಿ' ಅಂತಾನೆ. ಯಾಕೆ ಹೇಳು?"

ವನಮಾಲಾ ಖಾಲಿ ಜಾಡಿಯ ಮುಚ್ಚಳ ತಿರುಗಿಸಿದಳು.

"ಅವರ ಮಗಳು ವಾರಿಜಾಗೆ ಲೆಕ್ಕ ಹೇಳಿಕೊಡ್ತಿದ್ದೆ. ಹತ್ತನೇ ಕ್ಲಾಸು ಪಾಸಾದ್ಲು. ಅಷ್ಟೇ."

"ಅವನಿಗೆ ಅದು ಅಷ್ಟೇ ಅಲ್ಲ. ನಿಮ್ಮ ಸರ್‌ಗೆ ಸಾರಿನಲ್ಲಿ ಕೃತಜ್ಞತೆ ಬಡಿಸಿದೆ, ಒಳ್ಳೇದು. ದಿನಾ ನಿನಗೆ ಬಡಿಸಿದೋನಿಗೆ?"

ವನಮಾಲಾ ಕೋಟಿನ ತೋಳಿನಲ್ಲೇ ಮೂಗು ಒರೆಸಿಕೊಂಡಳು. ಆಮೇಲೆ ಗೋಡೆಯ ಇಂಟರ್‌ಕಾಮ್ ಎತ್ತಿ, "ಸಿದ್ದಲಿಂಗಪ್ಪ ಸರ್, ಚೆನ್ನಯಣ್ಣನ್ನ ಕರ್ಕೊಂಡು ಲ್ಯಾಬಿಗೆ ಬನ್ನಿ. ನಾನು ಒಂದು ಹೇಳೋದಿದೆ," ಎಂದಳು. ಪುಟ್ಟಲಕ್ಷ್ಮಿ ಮನಸ್ಸಿನಲ್ಲೇ ಈ ಹುಡುಗಿಗೆ ಒಳ್ಳೆಯ ಗಂಡು ನೋಡಬೇಕೆಂದುಕೊಂಡಳು. ಕಸುಬಿನ ಚಟ.

ಅವರಿಬ್ಬರೂ ಬಂದು, ವನಮಾಲಾ ಹೇಳುವುದೆಲ್ಲ ಹೇಳಿ ಮುಗಿಸಿದಾಗ ಸಿದ್ದಲಿಂಗಪ್ಪ ಮೀಸೆಯ ಎರಡೂ ದಳಗಳನ್ನು ಒಂದಾದ ಮೇಲೊಂದು ಸವರಿದರು. ಆಟೋಕ್ಲೇವನ್ನು ನೋಡಿದರು. ಎರಡು ಬಟ್ಟಲು ಸಾರು ನೆನಪಾಯಿತೋ ಏನೋ.

"ಆ ಯಂತ್ರದ ವಿಷಯ ನನಗ ಕೇಳಿಸಿಲ್ಲ ತಂಗಿ. ಕಿವಿ ಸ್ವಲ್ಪ ಮಂದ ನಂದು. ಆದ್ರ ಸಾರು ಜಾಡಿದಲ್ಲ ಅಂಬೂದು ಛಲೋ ಕೇಳಿಸೇತಿ."

ಚೆನ್ನಯ ಮಾತ್ರ ವನಮಾಲಾಳಿಗೆ ಬೈದ. "ಎಂತಕ್ಕೆ ಹೇಳಿದ್ದು ನೀವು? ನಾನು ಹೇಗಾದರೂ ಸುಧಾರಿಸ್ತಿದ್ದೆ!" ಎಂದವನು, ಬೈಯುತ್ತಲೇ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡ. "ಅಕ್ಕಾ, ನಿಮ್ಮ ಋಣ..."

"ಪತ್ತೇದಾರಿ ತಾನೇ ಚೆನ್ನಯ, ಗಂಜಿ ಅಲ್ಲವಲ್ಲ," ಎಂದಳು ಪುಟ್ಟಲಕ್ಷ್ಮಿ. ಕಣ್ಣೊರೆಸಿಕೊಳ್ಳಲು ಕರ್ಚೀಫು ತೆಗೆದಳು. ಅದರೊಳಗೆ ಸಿಪ್ಪೆ ಇದ್ದದ್ದು ಆಗ ನೆನಪಾಯಿತು. "ತಗೋಮ್ಮ, ನಿನ್ನ ಸಾರಿನ ಸಾಕ್ಷಿ."

ವನಮಾಲಾ ಸಿಪ್ಪೆಯನ್ನು ಬಿಳಿ ತಟ್ಟೆಗೆ ಸುರಿದು ಚಿಮಟದಿಂದ ಹರಡಿದಳು. ಹರಡುತ್ತಾ ಹರಡುತ್ತಾ ಅವಳ ಕೈ ನಿಧಾನವಾಯಿತು. ತಿಳಿಹಸಿರು ಸಿಪ್ಪೆಗಳು ಒಂದು ಕಡೆ. ಅವುಗಳ ನಡುವೆ ಅಡಗಿದ್ದ ಕಂದು ಸಿಪ್ಪೆಗಳನ್ನು ಹೆಕ್ಕಿ ಇನ್ನೊಂದು ಕಡೆ ಇಟ್ಟಳು. ಪ್ರತಿಯೊಂದರಲ್ಲೂ ಕಾಳಿನ ಬಿಳಿ ಕಣ್ಣಿನ ಸುತ್ತ, ಕಾಡಿಗೆ ತೀಡಿದಂಥ ಕಪ್ಪು ಉಂಗುರ.

"ಇವು ನನ್ನವಲ್ಲ."

"ಮತ್ತೆ?"

"ಕಾಳಿನ ಸಿಪ್ಪೆ ತಾಯಿ ಗಿಡದ್ದು ಆಂಟಿ. ಒಳಗಿರೋದು ಮಗು, ಹೊರಗಿರೋದು ತಾಯಿ ಹೊದಿಸಿದ ಸೆರಗು. ಈ ಕಾಡಿಗೆ ಉಂಗುರ ಒಂದೇ ತಾಯಿಗೆ ಇರೋದು. ಟಿ-ಏಳು."

ಜಾಡಿಯ ಬೀಜವನ್ನು ಯಾರೋ ನೆನೆಸಿದ್ದರು, ಹಿತುಕಿದ್ದರು, ಸಿಪ್ಪೆಯನ್ನು ಸಿಪ್ಪೆಯ ರಾಶಿಯಲ್ಲಿ ಬಚ್ಚಿಟ್ಟಿದ್ದರು.

"ತಿನ್ನೋಕೆ ಹಿತುಕಿದ್ದಲ್ಲ," ವನಮಾಲಾ ಒಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದಳು. "ನೋಡಿ, ಕಣ್ಣಿನ ಕಡೆ ಒತ್ತಿಲ್ಲ. ಅಲ್ಲಿ ಮೊಳಕೆ ಇರುತ್ತೆ. ಬೆನ್ನಿನ ಕಡೆ ಉಗುರಲ್ಲಿ ಸೀಳಿ, ಮಗುಗೆ ನೋವಾಗದ ಹಾಗೆ ಜಾರಿಸಿದಾರೆ. ಈ ಬೇಳೆ ಇನ್ನೂ ಜೀವಂತ. ಗಾಜಿನ ಬಾಟ್ಲಲ್ಲಿ ಆಹಾರ ಕೊಟ್ಟು ಇಟ್ರೆ ಮೊಳೆಯುತ್ತೆ. ಹೀಗೆ ಹಿತುಕೋದು ನನಗೆ ಬರುತ್ತೆ. ಇನ್ನೊಬ್ಬರಿಗೆ ಬರುತ್ತೆ. ನನಗೆ ಹೇಳಿಕೊಟ್ಟೋರಿಗೆ."

"ತಿರುಮಲೇಶರಾ?" ಪುಟ್ಟಲಕ್ಷ್ಮಿ ಕೇಳಿದಳು. "ಅವರೆ ಕದ್ದವರು ಅವರೇ?"

"ತಮ್ಮ ಬೀಜ ತಾವೇ ಕದಿಯೋದಾ? ಯಾಕೆ?"

"ಬೀಜ ಕೇಂದ್ರದ್ದು. ರಿಟೈರ್ ಆದೋರಿಗೆ ಗೇಟು ಒಂದು ಕಾಳೂ ಬಿಡಲ್ಲವಲ್ಲ," ಎಂದಳು ಪುಟ್ಟಲಕ್ಷ್ಮಿ.

"ಅವರನ್ನು ಕೇಳುವ ಅಂದ್ರೆ ಶನಿವಾರವೇ ಬೆಂಗಳೂರು ರೈಲು ಹತ್ತಿಯಾಯ್ತಲ್ಲ," ಎಂದ ಚೆನ್ನಯ. "ದೇವರಂಥ ಮನುಷ್ಯ ಅಕ್ಕ. ಈ ಕ್ಯಾಂಟೀನು ನನಗೆ ಕೊಡಿಸಿದ್ದೇ ಅವರು. ಅವರ ಬಗ್ಗೆ ಹಾಗೆಲ್ಲ ಹೇಳಬೇಡಿ."

ಅಷ್ಟರಲ್ಲಿ ಸಿದ್ದಲಿಂಗಪ್ಪ ಕೆಮ್ಮಿದರು. ಕಿವಿ ಮಂದ ಎಂದವರು ಬೆಳಿಗ್ಗೆ ಕ್ಯಾಂಟೀನಿನ ಬಾಗಿಲಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಾಯಾರ, ಒಂದ ಮಾತು. ಚೆನ್ನಯಗ ಹಿಚುಕೂದ ಗೊತ್ತಿಲ್ಲ ಅಂತ ನೀವ ಸಾಬೀತ ಮಾಡೀರಿ. ಮತ್ತ ನಿಮ್ಮ ಮನಿಗೆ ಹಿಚುಕಿದ ಬ್ಯಾಳಿ ಎಲ್ಲಿಂದ ತಂದ್ನರೀ?"

ಊರವರ ಗಂಡುಗಳನ್ನೆಲ್ಲ ಜಾಲಾಡಿದ ಪುಟ್ಟಲಕ್ಷ್ಮಿ, ಕೊಟ್ಟ ಕೈಯ ಮೇಲಿನ ವಿಶ್ವಾಸಕ್ಕೆ ತನ್ನ ಮನೆಯ ಡಬ್ಬಿಯನ್ನು ಜಾಲಾಡಿರಲಿಲ್ಲ. ಒಂದು ಚೂರು ಸೊಗಡಿಲ್ಲ. ಒಣಗಿದ ಕಾಳಲ್ಲಿ ಅಣ್ಣ ತಮ್ಮ ಇಬ್ಬರೂ ಮೌನ.

"ಅದನ್ನೇ ಬೆಳಿಗ್ಗೆ ಹೇಳಹೊರಟೆ ಅಕ್ಕ, ನೀವು ಬಿಡಲಿಲ್ಲ," ಎಂದ ಚೆನ್ನಯ, ಏನೂ ಅರಿಯದವನಂತೆ. "ತಿರುಮಲೇಶ್ ಸಾರ್ ಕೊಟ್ಟದ್ದು. 'ಪುಟ್ಟಲಕ್ಷ್ಮಿಯವರು ನನ್ನ ಮಗಳನ್ನು ಆ ಪುಣೆಯ ಗಂಡಿನಿಂದ ಬಚಾವು ಮಾಡಿದ್ರು, ಇದು ಅವರ ಕೈಗೇ ಕೊಡು, ಫ್ರಿಜ್ಜಲ್ಲಿ ಇಡಲಿಕ್ಕೆ ಹೇಳು' ಅಂದ್ರು. ಫ್ರಿಜ್ಜಿನ ಮಾತು ಹೇಳಲಿಕ್ಕೆ ನನಗೆ ಮರೆತೇ ಹೋಯ್ತು."

"ಗೇಟಿನಾಗ ಆ ಡಬ್ಬಿ ನಾನ ಬಿಚ್ಚಿಸಿ ನೋಡೇನಿ!" ಸಿದ್ದಲಿಂಗಪ್ಪ ಹಣೆ ಬಡಿದುಕೊಂಡರು. "ಬೆಳ್ಳನ ಬ್ಯಾಳಿ ಇತ್ತು. ಸಿಪ್ಪಿ ಇಲ್ಲದ್ದು ಬೀಜ ಹೆಂಗ ಆಕ್ಕೈತಿ ಅಂತ ಬಿಟ್ಟೆ. ಇನ್ನ ಹೊರಗ ಒಯ್ದಾಂವ ಚೆನ್ನಯ ಅಂತ ನಾನ ಬರದ ಕೊಡಬೇಕು!"

ಚೆನ್ನಯನ ಮುಖದ ಬಣ್ಣ ಇಳಿಯಿತು. ಒಂದು ಚಹಾ ಕಾಸುವಷ್ಟು ಹೊತ್ತು ನಿರಪರಾಧಿಯಾಗಿದ್ದ.

"ಅರ್ಧ ಉಪ್ಪಿಟ್ಟಾಯ್ತು, ಅರ್ಧ ಫ್ರಿಜ್ಜಲ್ಲಿದೆ," ಎಂದಳು ಪುಟ್ಟಲಕ್ಷ್ಮಿ.

"ಫ್ರಿಜ್ಜಲ್ಲಾ ಆಂಟಿ?" ವನಮಾಲಾ ಅವಳ ತೋಳು ಹಿಡಿದಳು. "ತಣ್ಣಗಿದ್ರೆ ಬದುಕಿರುತ್ತೆ! ಇವತ್ತು ಬಾಟ್ಲಿಗೆ ಹಾಕಿದ್ರೆ ಸಾಕು!"

"ಬೀಜ ಒಳಗ ಬಂತಂದ್ರ ಕಂಪ್ಲೇಂಟ ಇಲ್ಲ," ಸಿದ್ದಲಿಂಗಪ್ಪ ಫೋನನ್ನು ತಾವೇ ಮುಂದಕ್ಕೆ ತಳ್ಳಿದರು. "ನನ್ನ ಕಿವಿ ಮತ್ತ ಮಂದ ಆಕ್ಕೈತಿ. ಹಚ್ಚರಿ ಲಗೂನ."

ಪುಟ್ಟಲಕ್ಷ್ಮಿ ಮನೆಯ ನಂಬರು ತಿರುಗಿಸಿದಳು. ಆ ಕಡೆ ಎತ್ತಿದ್ದು ಮೈದುನ ಸತ್ಯಮೂರ್ತಿ. ಕಂಡದ್ದನ್ನೆಲ್ಲ ಒಗ್ಗರಣೆಗೆ ಹಾಕುವ ಪ್ರಾಣಿ.

"ಸತ್ಯ, ಫ್ರಿಜ್ಜಲ್ಲಿ ಹಿತಕಿದ ಬೇಳೆ ಇದೆ. ಮುಟ್ಟಿದೀಯಾ?"

"ಇಲ್ಲ ಅತ್ತಿಗೆ. ರಾತ್ರಿ ಸಾರಿಗೆ ಅಂತ ಕಣ್ಣಿಟ್ಟಿದ್ದೆ."

ಪುಟ್ಟಲಕ್ಷ್ಮಿ ಕಣ್ಣು ಮುಚ್ಚಿ, ಗೊತ್ತಿದ್ದ ದೇವರಿಗೆಲ್ಲ ಒಟ್ಟಿಗೇ ಕೈಮುಗಿದಳು. ಚೆನ್ನಯ ಗೋಡೆಗೆ ಒರಗಿ ಉಸಿರು ಬಿಟ್ಟ.

"ಆದ್ರೆ ಅದು ಈಗಿಲ್ಲವಲ್ಲ ಅತ್ತಿಗೆ," ಸತ್ಯಮೂರ್ತಿ ಮುಂದುವರಿಸಿದ. "ನೀವೇ ಕಳಿಸಿದ್ರಂತೆ, ಈಗಷ್ಟೇ ಬಂದು ತಗೊಂಡು ಹೋದ್ರು. ತಿರುಮಲೇಶರ ಲ್ಯಾಬಿನ ಹುಡುಗಿ. ಏನು ವಿನಯ, ಏನು ನಯ! ಡಬ್ಬೀನ ಕಣ್ಣಿಗೊತ್ತಿಕೊಂಡು, ಬಾಗಿಲಲ್ಲಿ ನಿಂತು, ಪುಣೆಯ ಗಂಡಿನಿಂದ ಉಳಿಸಿದ್ದಕ್ಕೆ ಅಂತ ನಿಮಗೆ ಮತ್ತೆ ಮತ್ತೆ ಥ್ಯಾಂಕ್ಸ್ ಹೇಳಿದ್ಲು."

"ಹೆಸರು ಕೇಳಿದ್ಯಾ?"

"ಕೇಳದೆ ಕೊಡ್ತೀನಾ? ವನಮಾಲಾ ಅಂತೆ."

ಪುಟ್ಟಲಕ್ಷ್ಮಿ ನಿಧಾನವಾಗಿ ತಲೆ ಎತ್ತಿದಳು. ಎದುರಿಗೆ ಬಿಳಿ ಕೋಟಿನ ವನಮಾಲಾ, ಚಿಮಟದ ತುದಿಯಲ್ಲಿ ಟಿ-ಏಳರ ಸಿಪ್ಪೆ ಹಿಡಿದುಕೊಂಡು, ಆಸೆಗಣ್ಣಿನಿಂದ ಕೇಳುತ್ತಿದ್ದಳು:

"ಇದೆಯಂತಾ ಆಂಟಿ?"